ಶೀನಣ್ಣನ ಕಾರ್ಡಿನೊಳಗಿನ ಕಲ್ಲುಗಳು

ಈಗಲೂ ಯಾರಾದರೂ ನನ್ನೆದುರು ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿದರೆ ನನ್ನ ಬಲಗೈ ಬೆರಳ ತುದಿ ತಣ್ಣಗಾಗುತ್ತದೆ. ಕೆಲಸ ಬಿಟ್ಟು ಒಂದು ಮಳೆಗಾಲ ಕಳೆಯಿತು. ಬೆರಳಿಗೆ ಅದು ತಿಳಿದ ಹಾಗಿಲ್ಲ. ಕುಂದಾಪುರದಲ್ಲಿ ಕಂಪ್ಯೂಟರ್ ಓದುತ್ತಿರುವ ಕೆಲವು ಹುಡುಗಿಯರು ಮನೆಗೆ ಬಂದು, "ಮನೆಯಲ್ಲೇ ಕೂತು ಆಪರೇಟಿಂಗ್ ಸಿಸ್ಟಮ್‌ಗೆ ಕೆಲಸ ಮಾಡಿದವರಂತೆ ನೀವು, ಹೇಗಿತ್ತು ಅಂತ ಬರೆದುಕೊಡಿ" ಎಂದರು. ಅವರಿಗೆ ಬೇಕಾದದ್ದು ಧೈರ್ಯ ಬರುವಂಥ ಮಾತು ಇರಬೇಕು. ನನ್ನ ಹತ್ತಿರ ಉಳಿದಿರುವುದು ಹೆದರಿಕೆ. ಇದ್ದದ್ದನ್ನೇ ಬರೆಯುತ್ತೇನೆ.

ನನ್ನ ತವರು ಕೊಕ್ಕರ್ಣೆ, ಮನೆ ಬೈಂದೂರು ಪಕ್ಕದ ಯಡ್ತರೆ. ಕುಂದಾಪುರದ ಕಾನ್ವೆಂಟಿನಲ್ಲಿ ಓದಿ, ಗಣಿತದಲ್ಲಿ ಬಿಎಸ್ಸಿ ಮಾಡಿ, ಮದುವೆಯಾಗಿ ಬಂದೆ. ಗಂಡ ಸದಾನಂದ ಬೈಂದೂರಿನ ಹೆದ್ದಾರಿ ಬದಿಯಲ್ಲಿ ಹೋಟೆಲು ನಡೆಸುತ್ತಾರೆ. ಹೋಟೆಲಿನ ಗಲ್ಲಾದ ಮೇಲೊಂದು ಹಳೆಯ ಕಂಪ್ಯೂಟರ್ ಇತ್ತು. ಕೀಲಿಗಳ ಸಂದಿಯಲ್ಲಿ ಊದುಬತ್ತಿಯ ಬೂದಿ, ಬನ್ಸಿನ ಸಕ್ಕರೆ. ಅದು ಯಾವ ಹೊಸ ಸಾಫ್ಟ್‌ವೇರನ್ನೂ ತಡೆದುಕೊಳ್ಳದ ಸ್ಥಿತಿಗೆ ಬಂದಾಗ ಮನೆಗೆ ತಂದು, ಊರೂರಿನವರು ಸೇರಿ ಬರೆದು, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮನ್ನು ಹಾಕಿಕೊಂಡೆ. ಬಿಚ್ಚಿ ನೋಡಬಹುದು ಎಂದ ಮೇಲೆ ಬಿಚ್ಚದೆ ಇರಲಾಗಲಿಲ್ಲ. ಮಕ್ಕಳು ಶಾಲೆಗೆ, ಅತ್ತೆ ಮಧ್ಯಾಹ್ನದ ನಿದ್ರೆಗೆ ಹೋದ ಹೊತ್ತು ನನ್ನದು.

ಫೈಲ್ ಸಿಸ್ಟಮ್ ಎಂದರೇನು ಎಂದು ಅತ್ತೆ ಒಮ್ಮೆ ಕೇಳಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ಕಾರ್ಡು, ಡಿಸ್ಕು ಎಂದರೆ ಸಾಲಾಗಿ ಇಟ್ಟ ಡಬ್ಬಿಗಳು. ಯಾವ ಡಬ್ಬಿಯಲ್ಲಿ ಏನಿದೆ, ಯಾವುದು ಖಾಲಿ ಎಂದು ನೋಡಿಕೊಳ್ಳುವ ಕ್ರಮವೇ ಫೈಲ್ ಸಿಸ್ಟಮ್. ಒಂದೊಂದು ಕಂಪನಿಯದು ಒಂದೊಂದು ಕ್ರಮ. ಕ್ರಮ ಗೊತ್ತಿಲ್ಲದ ಕಂಪ್ಯೂಟರಿಗೆ ತುಂಬಿದ ಕಾರ್ಡೂ ಏನೂ ಅಲ್ಲ. ಆ ಕ್ರಮವನ್ನು ನಮ್ಮ ಪುಟ್ಟ ಸಿಸ್ಟಮ್‌ಗೆ ಕಲಿಸುವುದು ನನ್ನ ಕೆಲಸ. "ಅಂದ್ರೆ ಮತ್ತೊಬ್ರ ಅಡ್ಗೆಮನಿಗ್ ಹೊಕ್ಕುದ್" ಎಂದರು ಅತ್ತೆ. ಹೌದು, ಅಷ್ಟೇ. ಹೊಕ್ಕ ಮೇಲೆ ಕೈ ಎಲ್ಲಿಗೆ ತಗಲುತ್ತದೋ ಎಂಬುದೇ ಹೆದರಿಕೆ.

ನಾನು ಕಲಿಸಿದ ಕ್ರಮ ಮೀನಿನ ಬೋಟುಗಳ ಜಿಪಿಎಸ್ ಯಂತ್ರದ ಕಾರ್ಡಿನದು. ಕೊಡೇರಿ ಬಂದರಿನ ಬೋಟುಗಳವರು ಚಾ ಕುಡಿಯಲು ನಮ್ಮಲ್ಲಿಗೇ ಬರುತ್ತಿದ್ದರು. ಅವರ ಯಂತ್ರ ಮಾಡಿದ ಕಂಪನಿ ಮುಚ್ಚಿಹೋಗಿತ್ತು. ಅದರ ಕಾರ್ಡನ್ನು ಯಾವ ಕಂಪ್ಯೂಟರೂ ಓದುತ್ತಿರಲಿಲ್ಲ. ಕ್ರಮದ ವಿವರ ಬರೆದ ಕಾಗದ ಎಲ್ಲಿಯೂ ಇಲ್ಲ. ಕೆಟ್ಟ ಯಂತ್ರಗಳಿಂದ ತೆಗೆದ ಖಾಲಿ ಕಾರ್ಡುಗಳನ್ನು ಅವರಿಂದ ಇಸಿದುಕೊಂಡು, ಒಂದು ಅಕ್ಷರ ಬದಲಿಸಿ ಏನಾಯಿತು, ಎರಡು ಬದಲಿಸಿ ಏನಾಯಿತು ಎಂದು ನೋಡುತ್ತ ಕೂತೆ. ಕಾರ್ಡುಗಳ ಅಂಚಿಗೆ ಮೀನಿನ ಹುರುಪೆ ಅಂಟಿರುತ್ತಿತ್ತು. ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಬಿಳಿಯ ಉಪ್ಪು. ಮೊದಲು ಒರೆಸಬೇಕು, ಆಮೇಲೆ ಓದಬೇಕು.

ಬರೆದದ್ದನ್ನೆಲ್ಲ ಯಾನ್ ಎಂಬವರಿಗೆ ಕಳಿಸಬೇಕಿತ್ತು. ಸಿಸ್ಟಮ್‌ನ ಈ ಭಾಗಕ್ಕೆ ಅವರೇ ಹಿರಿಯರು, ದೂರದ ದೇಶದವರು, ಮುಖ ನೋಡಿದ್ದಿಲ್ಲ. ನಾನು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಹಾಗೆ ಮೊದಲು ಕ್ಷೇಮ ವಿಚಾರಿಸಿ, ವಿನಯಪೂರ್ವಕ ವಿನಂತಿ ಮಾಡಿ, ಕೊನೆಗೆ ವಿಷಯಕ್ಕೆ ಬಂದಿದ್ದೆ. ಅವರ ಉತ್ತರ ಒಂದೇ ಸಾಲು: ಮಧ್ಯದಲ್ಲಿ ವಿದ್ಯುತ್ ಹೋದರೆ ನಿಮ್ಮ ಕೋಡ್ ಏನು ಮಾಡುತ್ತದೆ? ನಮಸ್ಕಾರವೂ ಇಲ್ಲ, ಹೆಸರೂ ಇಲ್ಲ. ಎರಡು ದಿನ ಅಳುಮುಖದಲ್ಲೇ ಇದ್ದೆ. ಆಮೇಲೆ ಗೊತ್ತಾಯಿತು, ಈ ಕೆಲಸದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ.

ಆ ಪ್ರಶ್ನೆಗೆ ಉತ್ತರ ಹುಡುಕಿಕೊಟ್ಟವರು ಅತ್ತೆ. ನಮ್ಮ ಕಡೆ ಗುಡುಗು ಕೇಳಿದ ಕೂಡಲೇ ಮನೆಯ ಪಿನ್ನುಗಳನ್ನೆಲ್ಲ ಕೀಳುವುದು ರೂಢಿ. ನಾನು ಕಾರ್ಡಿಗೆ ಏನೋ ಬರೆಸುತ್ತಿರುವಾಗಲೇ ಅವರು ಬಂದು ನಿಲ್ಲುತ್ತಿದ್ದರು.

"ಹ್ವಾಯ್ ಹೆಣ್ಣೆ, ಗುಡ್ಗ್ ಕೇಂತಿಲ್ಯಾ? ಆ ಪೆಟ್ಗಿ ಪಿನ್ ತೆಗಿ."

"ಒಂದ್ ನಿಮಿಷ ಅತ್ತೆ, ಅರ್ಧದಲ್ಲಿತ್ತ್."

"ಸಿಡ್ಲಿಗ್ ಅರ್ಧ ಪೂರ್ತಿ ಗೊತ್ತಿರತ್ತಾ?"

ಎನ್ನುತ್ತಲೇ ಕಿತ್ತುಬಿಡುತ್ತಿದ್ದರು. ಮೊದಮೊದಲು ನನಗೆ ಸಿಟ್ಟು ಬಂದರೂ ಆಮೇಲೆ ಅದೇ ನನ್ನ ಪರೀಕ್ಷೆಯ ಪದ್ಧತಿಯಾಯಿತು. ಅವರು ಕಿತ್ತಷ್ಟು ಸಲ ಕಾರ್ಡಿನಲ್ಲಿ ಏನು ಹಾಳಾಗಿದೆ ಎಂದು ನೋಡುತ್ತಿದ್ದೆ. ಒಂದು ತೊಂದರೆ ಪದೇ ಪದೇ ಬಂತು. ಅಳಿಸುತ್ತಿದ್ದ ಫೈಲು ಅರ್ಧಕ್ಕೆ ನಿಂತರೆ, ಹೆಸರು ಹೋಗಿ ಒಳಗಿನ ವಿಷಯ ಹಾಗೆಯೇ ಉಳಿಯುತ್ತಿತ್ತು. ಇಂಥ ಹೆಸರಿಲ್ಲದವುಗಳು ಕಾರ್ಡಿನ ಒಂದು ಮೂಲೆಯಲ್ಲಿ ಸಾಲಾಗಿ ಸೇರಿ ಜಾಗ ತಿನ್ನುತ್ತಿದ್ದವು. ಬೇರೆ ಫೈಲ್ ಸಿಸ್ಟಮ್‌ಗಳಲ್ಲಿ ಏನು ಮಾಡುತ್ತಾರೋ ಅದನ್ನೇ ನಾನೂ ಮಾಡಿದೆ. ಕಾರ್ಡು ಹಾಕಿದ ಕೂಡಲೇ ಆ ಸಾಲನ್ನು ನೋಡಿ, ಅಲ್ಲಿರುವುದನ್ನೆಲ್ಲ ಗುಡಿಸಿ, ಜಾಗ ಖಾಲಿ ಎಂದು ಗುರುತು ಹಾಕುವ ಕೋಡ್ ಬರೆದೆ. ಬೆಳಿಗ್ಗೆ ಎದ್ದವಳು ಮೊದಲು ಅಂಗಳ ಗುಡಿಸುವ ಹಾಗೆ. ಯಾನ್ ಮೊದಲ ಬಾರಿಗೆ "ಚೆನ್ನಾಗಿದೆ" ಎಂದು ಬರೆದರು. ಆ ಹೊಸ ಆವೃತ್ತಿ ಹೊರಬಂತು. ಬ್ರಹ್ಮಾವರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಪ್ರಕಾಶ ಎಂಬವರು ಇಂಥ ಹಳೆಯ ಕಾರ್ಡುಗಳಿಂದ ಮಾಹಿತಿ ತೆಗೆದುಕೊಡುತ್ತಿದ್ದರು. ಅವರಿಗೂ ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಕಳಿಸಿದೆ. ಖುಷಿಯಲ್ಲಿದ್ದೆ.

ಅದು ಮಳೆಗಾಲದ ಮೀನುಗಾರಿಕೆ ರಜೆಯ ಕೊನೆ. ಬೋಟುಗಳು ಇನ್ನೇನು ನೀರಿಗಿಳಿಯಬೇಕು. ಶೀನಣ್ಣ ಚಾ ಕುಡಿಯಲು ಬಂದರು. ಶೀನಣ್ಣ ಎಂದರೆ ಕೊಡೇರಿಯ ಒಂದು ಬೋಟಿನ ತಾಂಡೇಲ. ಬೋಟನ್ನು ನಡೆಸುವವರು, ಬಲೆ ಎಲ್ಲಿ ಬಿಡಬೇಕೆಂದು ಹೇಳುವವರು ತಾಂಡೇಲರು. ಅವತ್ತು ಬನ್ಸನ್ನು ಚೂರು ಚೂರು ಮಾಡಿ ತಟ್ಟೆಯಲ್ಲೇ ಬಿಟ್ಟದ್ದನ್ನು ಗಲ್ಲಾದಲ್ಲಿ ಕೂತ ನಾನು ನೋಡಿದೆ. ಪಕ್ಕದ ಮೇಜಿನಲ್ಲಿ ಬೇರೆ ಬೋಟಿನವರಿದ್ದರು. ಅವರು ಎದ್ದು ಹೋಗುವವರೆಗೂ ಕಾದು ನನ್ನ ಹತ್ತಿರ ಬಂದರು.

"ಅಕ್ಕ, ಒಂದ್ ಮಾತ್ ಕೇಂಬ್ದಿತ್ತ್. ಅಳ್ಸಿದ್ದ್ ಕಂಪ್ಯೂಟರಿಗ್ ಕಾಣತ್ತಾ?"

"ಎಂತ ಅಳ್ಸಿದ್ದ್ ಶೀನಣ್ಣ?"

"ಮಾರ್ಕ್. ನಮ್ಮ್ ಜಿಪಿಎಸ್ಸಿನ ಪರದೆ ಹೋಯ್ತಲೆ. ಹೊಸ ಮಿಷನಿಗ್ ಹಾಕ್ಸುಕೆ ಅಂದೆಳಿ ಕಾರ್ಡ್ ಭಾವನ ಕೈಯಲ್ಲಿ ಬ್ರಹ್ಮಾವರಕ್ ಕೊಟ್ಟೆ, ಆ ಪ್ರಕಾಶನ ಅಂಗ್ಡಿಗೆ."

ಮಾರ್ಕ್ ಎಂದರೆ ಸಮುದ್ರದೊಳಗಿನ ಜಾಗದ ಗುರುತು. ನೀರಿನಡಿ ಕಲ್ಲು ಎಲ್ಲಿದೆ, ಮುಳುಗಿದ ಹಳೆಯ ಬೋಟು ಎಲ್ಲಿದೆ, ಮೀನು ಎಲ್ಲಿ ಸೇರುತ್ತದೆ. ಹಿಂದೆ ಇವರ ತಂದೆ ದಡದ ಗುಡ್ಡವನ್ನೂ ಒಂದು ಮರವನ್ನೂ ಒಂದೇ ಗೆರೆಗೆ ಹಿಡಿದು ಇಟ್ಟುಕೊಂಡಿದ್ದ ಗುರುತುಗಳನ್ನು ಶೀನಣ್ಣ ಒಂದೊಂದಾಗಿ ಯಂತ್ರಕ್ಕೆ ಹಾಕಿದ್ದರು. ತಾವೇ ಕಂಡುಕೊಂಡವೂ ಸೇರಿದ್ದವು. ಎಲ್ಲ ಆ ಕಾರ್ಡಿನಲ್ಲಿ.

"ಕಾರ್ಡಲ್ಲಿದ್ರೆ ಕಾಣತ್ತ್. ಅಳ್ಸಿದ್ಯಾರ್?"

ಶೀನಣ್ಣ ಬಾಗಿಲ ಕಡೆ ಒಮ್ಮೆ ನೋಡಿ ಸ್ವರ ಇಳಿಸಿದರು. "ನಾನೇ. ಕಡ್ಲಿಂದ ಬಪ್ಪತಿಗೆ ಎಲ್ಲ ಅಳ್ಸಿಯೇ ಬಪ್ಪುದ್. ಹೋಪತಿಗೆ ಎರಡ್ ಗುಂಡಿ ಒಟ್ಟಿಗ್ ಒತ್ತಿರೆ ವಾಪಾಸ್ ಬತ್ತ್. ನಾನೊಬ್ನೇ ಅಲ್ಲ ಅಕ್ಕ, ತಾಂಡೇಲ್ರ್ ಎಲ್ಲ ಹಾಂಗೇ. ಬಲೆ ಎಳೂ ಕಲಾಸಿಗಳ್ ಈ ವರ್ಷ ನಮ್ಮ್ ಬೋಟಲ್ಲಿ, ಬಪ್ಪ್ ವರ್ಷ ಮತ್ತೊಬ್ರದ್ರಲ್ಲಿ. ಮೊಬೈಲಲ್ಲಿ ಒಂದ್ ಫೋಟ ಹೊಡ್ಕಂಡ್ರೆ ಮುಗೀತ್. ದಡದಲ್ಲಿಪ್ಪತಿಗೆ ನಮ್ಮ್ ಕಾರ್ಡ್ ಯಾವತ್ತೂ ಖಾಲಿ."

ನನಗೆ ಕುರ್ಚಿ ಕೆಳಗಿನಿಂದ ಯಾರೋ ಎಳೆದ ಹಾಗಾಯಿತು. ಅತ್ತೆ ಪಿನ್ ಕಿತ್ತಾಗ ಉಳಿಯುವ ಕಸ ಎಂದು ನಾನು ತಿಳಿದಿದ್ದ ಆ ಹೆಸರಿಲ್ಲದ ಸಾಲು ಕಸವಲ್ಲ. ಯಂತ್ರ ಮಾಡಿದವರು ಬೇಕೆಂದೇ ಇಟ್ಟದ್ದು. ತಾಂಡೇಲರ ಗುರುತುಗಳೆಲ್ಲ ದಡಕ್ಕೆ ಬರುವಾಗ ಆ ಸಾಲಿನಲ್ಲಿ ಅಡಗಿ ಕೂತಿರುತ್ತಿದ್ದವು. ಅದನ್ನು ಕಾರ್ಡು ತಗಲಿದ ಕ್ಷಣದಲ್ಲೇ ಗುಡಿಸುವಂತೆ ಬರೆದವಳು ನಾನು. ನಾನು ಬರೆದದ್ದು ಪ್ರಕಾಶರ ಕಂಪ್ಯೂಟರಿನಲ್ಲಿತ್ತು.

ಪ್ರಕಾಶರಿಗೆ ಫೋನ್ ಮಾಡಿದೆ. ಹೋಗಲಿಲ್ಲ. ಬ್ರಹ್ಮಾವರದ ಕಡೆ ಗಾಳಿಮಳೆ, ಕರೆಂಟಿಲ್ಲ, ಟವರೂ ಇಲ್ಲ ಎಂದು ಯಾರೋ ಹೇಳಿದರು. ಕರೆಂಟಿಲ್ಲ ಎಂದು ಕೇಳಿ ನನಗೆ ಒಮ್ಮೆ ಉಸಿರು ಬಂತು. ಮರುಕ್ಷಣ ನೆನಪಾಯಿತು, ಅವರ ಅಂಗಡಿಯಲ್ಲಿ ಇನ್ವರ್ಟರ್ ಇದೆ.

ನನ್ನ ಮುಖ ನೋಡಿ ಗಂಡ ತೆಂಗಿನಕಾಯಿ ತರುವ ಓಮ್ನಿ ತೆಗೆದರು. ನಾನು ಮುಂದೆ, ಶೀನಣ್ಣ ಹಿಂದೆ ಗೋಣಿಚೀಲಗಳ ಮೇಲೆ. ವಿಷಯವನ್ನು ದಾರಿಯಲ್ಲಿ ಹೇಳಿದೆ. ನನ್ನ ಬಾಯಿಂದ ಅದು ಎಷ್ಟು ಕೆಟ್ಟದಾಗಿ ಹೊರಬಂತೆಂದರೆ ಎರಡು ಸಲ ಹೇಳಬೇಕಾಯಿತು. ಶೀನಣ್ಣ ಬೈಯಲಿಲ್ಲ. ಮರವಂತೆಯಲ್ಲಿ ಅಲೆ ರಸ್ತೆಯ ಬದಿಯ ಕಲ್ಲಿಗೇ ಬಡಿಯುತ್ತಿತ್ತು. ಆ ಮನುಷ್ಯ ಕಡಲ ಕಡೆ ಕತ್ತೆತ್ತಲಿಲ್ಲ.

ಹೆಮ್ಮಾಡಿ ದಾಟಿದ ಮೇಲೆ ಮಾತಾಡಿದರು. "ಮೀನಿನ ಮಾರ್ಕ್ ಹೋರೆ ಹೋಯ್ಲಿ ಅಕ್ಕ. ಮೀನ್ ಹುಡ್ಕುಕೆ ಆತ್ತ್. ಕಲ್ಲ್ ಹುಡ್ಕುಕೆ ಆತಿಲ್ಲ. ಬಲೆ ಕಲ್ಲಿಗ್ ಸಿಕ್ರೆ ಬೋಟ್ ಒಂದ್ ಬದಿಗ್ ವಾಲತ್ತ್. ನಮ್ಮಣ್ಣ ಹಾಂಗೇ ಹೋದ್ದ್. ಆ ಕಲ್ಲಿಗ್ ಅವ್ನ್ ಹೆಸ್ರೇ ಇಟ್ಟಿದೆ."

ಗಂಡ ನನ್ನ ಕಡೆ ತಿರುಗಿ ನೋಡಿ, "ನೀ ಸ್ವಲ್ಪ ನೀರ್ ಕುಡಿ" ಎಂದರು. ಬಾಟಲಿಯನ್ನು ಹಿಂದೆ ಶೀನಣ್ಣನಿಗೆ ದಾಟಿಸಿದೆ. ಕುಂದಾಪುರದಲ್ಲಿ ನಾನು ಓದಿದ ಶಾಲೆಯ ಗೇಟು ದಾಟಿದಾಗ ಚಿಕ್ಕಂದಿನಲ್ಲಿ ಪರೀಕ್ಷೆಗೆ ಮೊದಲು ಹೇಳಿಕೊಳ್ಳುತ್ತಿದ್ದ ಪ್ರಾರ್ಥನೆ ತಾನಾಗಿ ಬಾಯಿಗೆ ಬಂತು. ಕೋಟ ಬರುವವರೆಗೂ ಅದನ್ನೇ ಹೇಳುತ್ತಿದ್ದೆ. ದೇವರಿಗೆ ಅರ್ಜಿ ಹಾಕಿದ್ದು ಇಷ್ಟೇ: ಪ್ರಕಾಶ ಸೋಮಾರಿಯಾಗಿರಲಿ.

ಪ್ರಕಾಶ ಸೋಮಾರಿಯಲ್ಲ. ನಾವು ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಹೇಳಿದರು. "ಮೇಡಮ್, ನೀವ್ ಬಂದ್ದ್ ಒಳ್ಳೇದಾಯ್ತ್. ಈ ತಾಂಡೇಲ್ರ್ ಎಂತಕೆ ಖಾಲಿ ಕಾರ್ಡ್ ಕಳ್ಸಿರ್? ಹಾಕಿ ಕಂಡೆ, ಒಳ್ಗೆ ಎಂತ ಇಲ್ಲ. ತೆಗ್ದ್ ಇಟ್ಟಿದೆ."

ಶೀನಣ್ಣ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಕೊಡೆಯಿಂದ ಇಳಿದ ನೀರು ಅವರ ಲುಂಗಿ ಒದ್ದೆ ಮಾಡುತ್ತಿದ್ದುದು ಅವರಿಗೆ ತಿಳಿಯಲಿಲ್ಲ.

ಇನ್ನು ಮುಂದಿನದನ್ನು ಈ ಕೆಲಸಕ್ಕೆ ಬರುವವರು ಸರಿಯಾಗಿ ಓದಿಕೊಳ್ಳಬೇಕು. ಗುಡಿಸುವುದು ಎಂದರೆ ನನ್ನ ಕೋಡ್ ಡಬ್ಬಿಗಳ ಮೇಲೆ "ಖಾಲಿ" ಎಂದು ಗುರುತು ಹಾಕುತ್ತಿತ್ತು. ಡಬ್ಬಿ ತೊಳೆಯುತ್ತಿರಲಿಲ್ಲ. ಮೇಲಿಂದ ಹೊಸತು ಬಂದು ಬೀಳುವವರೆಗೆ ಹಳೆಯದು ಒಳಗೇ ಇರುತ್ತದೆ. ಹಾಗಾಗಿ ಆ ಕಾರ್ಡಿಗೆ ಒಂದು ಅಕ್ಷರವೂ ಹೊಸದಾಗಿ ಬೀಳಬಾರದು. ಮೊದಲು ಕಾರ್ಡನ್ನು ಬರೆಯಲಾಗದ ಹಾಗೆ ಬೀಗ ಹಾಕಿ, ಇದ್ದದ್ದು ಇದ್ದ ಹಾಗೆ ಪೂರ್ತಿ ನಕಲು ತೆಗೆದೆ. ನಕಲಿನ ಮೇಲಷ್ಟೇ ಕೈಯಿಟ್ಟೆ. ನಮ್ಮ ಸಿಸ್ಟಮ್‌ನ ಯಾವ ಬುದ್ಧಿವಂತಿಕೆಯನ್ನೂ ನಂಬದೆ, ಒಂದೊಂದೇ ಡಬ್ಬಿ ತೆರೆದು, ಅಕ್ಷಾಂಶ ರೇಖಾಂಶದ ಹಾಗೆ ಕಾಣುವ ಅಂಕಿಗಳನ್ನು ಹೆಕ್ಕುವ ಸಣ್ಣ ಪ್ರೋಗ್ರಾಮ್ ಬರೆದೆ. ಹೆಸರುಗಳು ಹೋಗಿದ್ದವು. ಜಾಗದ ಅಂಕಿಗಳು ಮಾತ್ರ ಸಿಕ್ಕಾವು ಎಂದು ಶೀನಣ್ಣನಿಗೆ ಹೇಳಿದೆ.

"ಅಂಕಿ ಸಾಕ್. ಹೆಸ್ರ್ ನಂಗೊತ್ತಿತ್ತ್" ಎಂದರು. ಆಮೇಲೆ ಪ್ರಕಾಶರ ಕಡೆ ತಿರುಗಿ, "ಪ್ರಕಾಶಣ್ಣ, ನೀವ್ ಒಂದ್ ಚಾ ಕುಡ್ಕಂಡ್ ಬನ್ನಿ" ಎಂದರು.

"ನಂದೇ ಅಂಗ್ಡಿ ಮಾರಾಯ್ರೆ."

"ಎರಡ್ ಚಾ ಕುಡೀನಿ."

ಪ್ರಕಾಶ ಹೋದರು. ನನ್ನ ಗಂಡ ತಾನಾಗಿಯೇ ಓಮ್ನಿಗೆ ಹೋಗಿ ಕೂತರು. ಶೀನಣ್ಣ ಕೈ ಒರೆಸಿಕೊಂಡು ಮಾನಿಟರನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ನನಗೆ ಅದರ ಬೆನ್ನು ಮಾತ್ರ ಕಾಣುತ್ತಿತ್ತು, ಧೂಳು ಹಿಡಿದ ತಂತಿಗಳು.

"ಬೇಜಾರ್ ಮಾಡ್ಕಂಬುಕಾಗ. ನೀವೂ ಕಾಂಬುಕಾಗ."

"ಕಾಣ್ದೆ ಮಾಡುದ್ ಹ್ಯಾಂಗ್ ಶೀನಣ್ಣ?"

"ನೀವ್ ಒತ್ತಿ. ಎಂತ ಬತ್ತ್ ಅಂದೆಳಿ ನಾ ಹೇಳ್ತೆ."

ಹಾಗೆಯೇ ಮಾಡಿದೆವು. ಪರದೆ ನೋಡದೆ ಕೀಲಿಮಣೆ ಒತ್ತಿ ಮಾಡಿದ ಕೆಲಸ ಅದೊಂದೇ. ನಾನು ಒತ್ತುತ್ತಿದ್ದೆ, ಶೀನಣ್ಣ "ಇದ್ ಸುಳ್ಳ್, ಇದ್ ಗುಡ್ಡೆ ಮೇಲ್ ಬತ್ತ್" ಎನ್ನುತ್ತಿದ್ದರು, ಅಥವಾ "ಇದಿತ್ತ್" ಎಂದು ಕಾರ್ಡಿನ ಜೊತೆ ಕಳಿಸಿದ್ದ ಹೊಸ ಯಂತ್ರಕ್ಕೆ ಹಾಕಿಕೊಳ್ಳುತ್ತಿದ್ದರು. ನಾನು ಓದುತ್ತಿದ್ದದ್ದು ಪರದೆಯನ್ನಲ್ಲ, ಅವರ ಮುಖವನ್ನು. ಒಂದು ಕಡೆ ಅವರ ತೋರುಬೆರಳು ಪರದೆಯ ಮೇಲೆ ನಿಂತುಬಿಟ್ಟಿತು. "ಅಣ್ಣ ಸಿಕ್ದ" ಎಂದರು ಆಮೇಲೆ, ಮೆಲ್ಲಗೆ.

ನನಗೆ ಅಳು ಬಂತು. ಮುಗಿಯಿತು, ಉಳಿಯಿತು ಎಂದುಕೊಂಡೆ. ಶೀನಣ್ಣ ಅಂಕಿಗಳನ್ನು ಮುಚ್ಚಿದ ಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿ ಡಬ್ಬಿಗಳ ಲೆಕ್ಕ ನೋಡಿದೆ. ಪ್ರಕಾಶರ ಕಂಪ್ಯೂಟರು ಕಾರ್ಡು ನೋಡಿದ ಆ ಒಂದು ಗಳಿಗೆಯಲ್ಲಿ, ತನ್ನ ಅಭ್ಯಾಸದಂತೆ, ಯಾರೂ ಹೇಳದೆ, ಕಾರ್ಡಿನೊಳಗೆ ಒಂದು ಗುಟ್ಟಿನ ಫೋಲ್ಡರ್ ಮಾಡಿತ್ತು. ಮುಂದೆ ಬೇಗ ಹುಡುಕಲು ಅನುಕೂಲವಾಗಲಿ ಎಂದು. ಆ ಫೋಲ್ಡರು ಕೆಲವು "ಖಾಲಿ" ಡಬ್ಬಿಗಳ ಮೇಲೆ ಬಿದ್ದಿತ್ತು. ಅದರಡಿ ಏನಿತ್ತೋ ಅದು ಹೋಯಿತು.

"ಶೀನಣ್ಣ, ಎಲ್ಲ ಬಂತಾ? ಯಾವ್ದ್ ಇಲ್ಲ?"

"ಬಂದ್ದ್ ಕಂಡ್ರೆ ಗೊತ್ತಾತ್ತ್ ಅಕ್ಕ. ಬರ್ದೇ ಇದ್ದದ್ ಹ್ಯಾಂಗ್ ಗೊತ್ತಾಪ್ದ್?"

ಇದ್ದದ್ದನ್ನೆಲ್ಲ ಅವರು ತಲೆಯಲ್ಲಿ ಇಟ್ಟುಕೊಂಡಿದ್ದರೆ ಕಾರ್ಡು ಯಾಕೆ ಬೇಕಿತ್ತು.

ಮನೆಗೆ ಬಂದು ಯಾನ್‌ಗೆ ಬರೆದೆ. ಗುಡಿಸುವ ಕೋಡನ್ನು ಇವತ್ತೇ ತೆಗೆಯಬೇಕು ಎಂದು. ಕ್ಷೇಮಸಮಾಚಾರ ಬರೆಯಲಿಲ್ಲ. ಅಳಿಸಿದ್ದು ಅಳಿಸಿದ್ದೇ, ಬೇಕಿದ್ದವರು ಅಳಿಸಬಾರದಿತ್ತು, ಎಲ್ಲ ಫೈಲ್ ಸಿಸ್ಟಮ್‌ಗಳೂ ಹೀಗೇ ಮಾಡುತ್ತವೆ ಎಂದು ಯಾನ್ ಬರೆದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿ. ನಾನು ಶೀನಣ್ಣನ ಅಣ್ಣನ ವಿಷಯ ಬರೆದೆ, ಈ ಯಂತ್ರ ಬಳಸುವವರು ಮನೆಗೆ ಬರುವಾಗಲೆಲ್ಲ ಅಳಿಸಿಯೇ ಬರುತ್ತಾರೆ ಎಂದೂ ಬರೆದೆ. ಮರುದಿನ ಅವರು ಗುಡಿಸುವುದನ್ನು ಯಾರಾದರೂ ಕೇಳಿದರೆ ಮಾತ್ರ ಮಾಡುವಂತೆ ಇಡಿ, ತಾನಾಗಿ ಬೇಡ ಎಂದು ಒಪ್ಪಿದರು. ಕಾರ್ಡು ಹಾಕಿದರೆ ಮೊದಲು ಓದಲು ಮಾತ್ರ ಬಿಡುವ ಪದ್ಧತಿಯೂ ಅವತ್ತಿನಿಂದ ಬಂತು. ಈಗ ಕೆಲಸಕ್ಕೆ ಬರುವವರಿಗೆ ಇದೆಲ್ಲ ಮೊದಲಿನಿಂದ ಹೀಗೇ ಇತ್ತು ಎಂದೇ ಅನ್ನಿಸುತ್ತದೆ. ಗಾಬರಿಯಲ್ಲಿ ಕಲಿಯದ ನಿಯಮ ನಮ್ಮಲ್ಲಿ ಒಂದೂ ಇಲ್ಲ.

ಬೋಟುಗಳು ಕಡಲಿಗಿಳಿದವು. ಆಮೇಲಿನ ವಾರಗಳನ್ನು ನಾನು ಹೇಗೆ ಕಳೆದೆ ಎಂದು ಮನೆಯವರಿಗೆ ಮಾತ್ರ ಗೊತ್ತು. ಒಗ್ಗರಣೆ ಸೀದುಹೋಗುತ್ತಿತ್ತು. ಹೋಟೆಲಿಗೆ ಬಂದವರು ಬಂದರಿನ ಸುದ್ದಿ ಎತ್ತಿದರೆ ಕಿವಿ ಅಲ್ಲಿಗೇ. ಒಮ್ಮೆ ಯಾವುದೋ ಬೋಟು ತಡವಾಯಿತು ಎಂದು ಕೇಳಿ ಗಲ್ಲಾ ಬಿಟ್ಟು ಎದ್ದು ನಿಂತಿದ್ದೆ. ಅದು ಡೀಸೆಲ್ ಮುಗಿದ ಕತೆ. ಬೇರೆಯವರ ಕಣ್ಣಿಗೆ ಕಡಲು ನೀರಾಗಿ ಕಾಣುತ್ತಿತ್ತು. ನನಗೆ ಆ ನೀರಿನಡಿ ಹೆಸರಿಲ್ಲದ ಕಲ್ಲುಗಳು, ಎಷ್ಟೆಂದು ಗೊತ್ತಿಲ್ಲದವು, ಎಲ್ಲೆಂದು ಗೊತ್ತಿಲ್ಲದವು. ಅತ್ತೆ ಒಂದು ದಿನ ಹತ್ತಿರ ಕೂತು, "ನೀ ಹೆದ್ರಿಕಂಡ್ರೆ ಕಲ್ಲ್ ಕರಗತ್ತಾ ಹೆಣ್ಣೆ?" ಎಂದು ತಲೆ ಸವರಿದರು.

ನವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಶೀನಣ್ಣ ಬಂದರು. ಹಣೆಯ ಒಂದು ಬದಿ ಊದಿತ್ತು. ಅಂಗೈಯಲ್ಲಿ ಹಗ್ಗ ಎಳೆದುಹೋದ ಕೆಂಪು ಬರೆ. ನಾನು ಗಲ್ಲಾದಿಂದ ಎದ್ದು ಕುರ್ಚಿ ಎಳೆದುಕೊಟ್ಟೆ.

"ಒಂದ್ ಸಿಕ್ತ್ ಅಕ್ಕ" ಎಂದರು.

"ಜನ?"

"ಜನಕ್ಕೆಂತ ಆಯ್ಲಿಲ್ಲ. ಬೋಟ್ ವಾಲತ್ತ್ ಅಂಬತಿಗೆ ಹಗ್ಗ ಕಡ್ಸಿದೆ. ಅರ್ಧ ಬಲೆ ಅಲ್ಲೇ ಇತ್ತ್, ಕಲ್ಲಿನ ಮೈಮೇಲೆ. ಅಪ್ಪಯ್ಯ ಹೇಳಿದ್ ಕಲ್ಲೇ. ತಾಗಿದ್ ಮೇಲ್ ನೆನ್ಪಾಯ್ತ್."

ಚಾ ತರಿಸಿದೆ.

"ಮಿಷನಿಗ್ ಹಾಕಿದ್ರ್ಯಾ ಅದನ್ನ?" ಎಂದು ಕೇಳಿದೆ.

"ಅಲ್ಲೇ ಹಾಕ್ದೆ." ಒಂದು ಗುಟುಕು ಕುಡಿದು, ಪಕ್ಕದ ಮೇಜಿನವರ ಕಡೆ ಕಣ್ಣು ಹಾಯಿಸಿ, ಸ್ವರ ಇಳಿಸಿದರು. "ದಡ ಕಂಡ್ ಕೂಡ್ಲೇ ಅಳ್ಸಿದೆ."